ಬಯಲು, ಕೋಲು, ಪದಕ: ಏಷ್ಯನ್ ಕ್ರೀಡಾಕೂಟದ ಪುರುಷರ ಹಾಕಿ ಮತ್ತು ಕರ್ನಾಟಕದ ಜನಪದ ನೆಲೆ

ಜನಪದ ಆಟಗಳನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಚಿಣ್ಣಿದಾಂಡು, ಬುಗುರಿ, ಲಗೋರಿ, ಗೋಲಿ, ಕುಂಟೆಬಿಲ್ಲೆ, ಅಳಿಗುಳಿಮಣೆ ಮೊದಲಾದವುಗಳನ್ನು ವಿವರವಾಗಿ ದಾಖಲಿಸಿವೆ. ಹಾಕಿಯನ್ನು ಈ ಸಾಲಿನಲ್ಲಿಟ್ಟು ನೋಡಿರುವುದು ವಿರಳ. ಅದು ಇಂಗ್ಲಿಷರು ತಂದ ಆಟ, ಬರೆದಿಟ್ಟ ನಿಯಮಗಳುಳ್ಳ ಆಟ, ಸಂಘಸಂಸ್ಥೆಗಳ ಆಟ ಎಂಬ ಗ್ರಹಿಕೆಯೇ ಇದಕ್ಕೆ ಕಾರಣ. ಆಟವೊಂದು ಜನಪದವೆನಿಸುವುದು ಅದರ ಹುಟ್ಟಿನಿಂದಲೋ ಅಥವಾ ಜನರು ಅದನ್ನು ಬಳಸುವ ರೀತಿಯಿಂದಲೋ ಎಂಬ ಪ್ರಶ್ನೆಯನ್ನು ಎತ್ತಿಕೊಂಡರೆ ಈ ಗ್ರಹಿಕೆ ಸಡಿಲಗೊಳ್ಳುತ್ತದೆ. ಏಷ್ಯನ್ ಕ್ರೀಡಾಕೂಟದ ಪುರುಷರ ಹಾಕಿಯಲ್ಲಿ ಕರ್ನಾಟಕದ ಆಟಗಾರರು ವಹಿಸಿದ ಪಾತ್ರವನ್ನು ಮುಂದಿಟ್ಟುಕೊಂಡು, ಒಂದು ಆಟ ಒಂದು ಸೀಮೆಯಲ್ಲಿ ಬೇರೂರುವುದಕ್ಕೂ ಮತ್ತೊಂದು ಸೀಮೆಯಲ್ಲಿ ಬೇರೂರದೆ ಉಳಿಯುವುದಕ್ಕೂ ಇರುವ ಕಾರಣಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಹೋಲಿಕೆಗಾಗಿ ಎರಡು ಸೀಮೆಗಳನ್ನು ಆರಿಸಿಕೊಳ್ಳಲಾಗಿದೆ. ಒಂದು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆ, ಇನ್ನೊಂದು, ಕೊಡಗು.

ಬಯಲಿನ ಲೆಕ್ಕ

ತಿಪಟೂರು ಸೀಮೆಯ ಹಳ್ಳಿಯ ಮಕ್ಕಳಿಗೆ ಕೋಲಿಗೆ ಕೊರತೆಯಿಲ್ಲ. ಬಿದ್ದ ತೆಂಗಿನ ಗರಿಯ ಬುಡದ ಮಟ್ಟೆಯನ್ನು ಕೆತ್ತಿ ದಾಂಡು ಮಾಡಿಕೊಳ್ಳುವುದು ಇಲ್ಲಿ ತಲೆಮಾರುಗಳಿಂದ ನಡೆದುಬಂದ ಕೆಲಸ. ಚಿಣ್ಣಿದಾಂಡಿನಿಂದ ಹಿಡಿದು ಕ್ರಿಕೆಟ್ಟಿನವರೆಗೆ ಕೋಲಿನಿಂದ ಹೊಡೆಯುವ ಆಟಗಳು ಈ ಭಾಗದಲ್ಲಿ ಬಳಕೆಯಲ್ಲಿವೆ. ಹಾಗಿದ್ದೂ ಕೋಲಿನಿಂದ ಚೆಂಡನ್ನು ನೆಲದ ಮೇಲೆ ಉರುಳಿಸಿಕೊಂಡು ಓಡುವ ಹಾಕಿ ಇಲ್ಲಿ ಊರಿನ ಆಟವಾಗಲಿಲ್ಲ. ಇದನ್ನು ಅರಿಯಲು ಕೋಲಿಗಿಂತ ಮೊದಲು ನೆಲವನ್ನು ನೋಡಬೇಕಾಗುತ್ತದೆ.

ಹಾಕಿ ಅಂಕಣದ ಉದ್ದ 91.4 ಮೀಟರು, ಅಗಲ 55 ಮೀಟರು. ಇದನ್ನು ರೈತರ ಅಳತೆಗೆ ತಂದರೆ ಹೆಚ್ಚುಕಡಿಮೆ ಒಂದು ಎಕರೆ ಹತ್ತು ಗುಂಟೆಯಾಗುತ್ತದೆ. ತೆಂಗಿನ ಸಸಿಗಳನ್ನು ಸಾಮಾನ್ಯವಾಗಿ 25ರಿಂದ 30 ಅಡಿ ಅಂತರದಲ್ಲಿ ನೆಡುತ್ತಾರೆ. ಆ ಲೆಕ್ಕದಲ್ಲಿ ಒಂದು ಹಾಕಿ ಅಂಕಣದ ಜಾಗದಲ್ಲಿ 60ರಿಂದ 85 ತೆಂಗಿನ ಮರಗಳು ನಿಲ್ಲುತ್ತವೆ. ರಾಗಿ, ಹುರುಳಿಯ ಹೊಲ ಕೊಯ್ಲಿನ ನಂತರ ಕೆಲವು ತಿಂಗಳು ಬಯಲಾಗಿರುತ್ತದೆ. ತೆಂಗಿನ ತೋಟ ಹಾಗಲ್ಲ. ಒಮ್ಮೆ ಸಸಿ ನೆಟ್ಟ ನೆಲ ಎರಡು ಮೂರು ತಲೆಮಾರುಗಳ ಕಾಲ ಮತ್ತೆ ಬಯಲಾಗುವುದಿಲ್ಲ. ಕೊಬ್ಬರಿಯ ಆದಾಯವನ್ನು ನಂಬಿದ ಸೀಮೆಯಲ್ಲಿ ಹೊಲಗಳು ತೋಟಗಳಾದಂತೆಲ್ಲ ಆಟಕ್ಕೆ ಉಳಿದದ್ದು ಶಾಲೆಯ ಅಂಗಳ, ಗುಡಿಯ ಮುಂದಿನ ಜಾಗ, ಜಾತ್ರೆಯ ಮಾಳ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ, ಇಷ್ಟೇ.

ಇದೇ ಅಳತೆಗೋಲಿನಿಂದ ಉಳಿದ ಆಟಗಳನ್ನು ನೋಡಬಹುದು. ಪುರುಷರ ಕಬಡ್ಡಿ ಅಂಕಣ 13 ಮೀಟರು ಉದ್ದ, 10 ಮೀಟರು ಅಗಲ. ಅಂದರೆ ಒಂದೂಕಾಲು ಗುಂಟೆಗೆ ತುಸು ಹೆಚ್ಚು. ವಾಲಿಬಾಲ್ ಅಂಕಣ 18 ಮೀಟರು ಉದ್ದ, 9 ಮೀಟರು ಅಗಲ. ಒಂದೂವರೆ ಗುಂಟೆಗೆ ತುಸು ಹೆಚ್ಚು. ಖೊಖೊ ಅಂಕಣ 27 ಮೀಟರು ಉದ್ದ, 16 ಮೀಟರು ಅಗಲ, ನಾಲ್ಕೂಕಾಲು ಗುಂಟೆ. ಈ ಮೂರೂ ಊರೊಳಗಿನ ಬಯಲಿನಲ್ಲಿ ಸಲೀಸಾಗಿ ಹಿಡಿಯುವ ಆಟಗಳು. ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ಊರಬ್ಬಕ್ಕೋ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸುವ ವಾಡಿಕೆ ಈ ಭಾಗದಲ್ಲಿ ಬೆಳೆದಿರುವುದರ ಹಿಂದೆ ಈ ಗುಂಟೆಗಳ ಲೆಕ್ಕವೂ ಇದೆ. ಮೂಡಲಪಾಯ ಯಕ್ಷಗಾನದ ರಂಗಕ್ಕೆ ಒದಗುತ್ತಿದ್ದ ಊರ ಮುಂದಿನ ಬಯಲೇ ಕಬಡ್ಡಿಗೂ ಒದಗಿತು. ಹಾಕಿಗೆ ಬೇಕಾದ ಒಂದೂಕಾಲು ಎಕರೆ ಮಾತ್ರ ಊರಿನ ಕೈಗೆ ಸಿಗಲಿಲ್ಲ.

ಕೊಡಗಿನಲ್ಲಿಯೂ ನೆಲದ ಬಹುಭಾಗ ಮರಗಿಡಗಳಿಗೆ ಸೇರಿದ್ದೇ. ಇಳಿಜಾರುಗಳನ್ನು ಕಾಫಿ ತೋಟ ಮತ್ತು ಕಾಡು ಆವರಿಸಿವೆ. ಆದರೆ ಗುಡ್ಡಗಳ ನಡುವಿನ ತಗ್ಗಿನಲ್ಲಿ ಭತ್ತದ ಗದ್ದೆಗಳಿವೆ. ಪುತ್ತರಿ ಹಬ್ಬದಲ್ಲಿ ಹೊಸ ಕದಿರನ್ನು ಮನೆತುಂಬಿಸಿಕೊಂಡು ಕೊಯ್ಲು ಮುಗಿಸಿದ ಮೇಲೆ ಮುಂಗಾರಿನವರೆಗೆ ಈ ಗದ್ದೆಗಳು ಬಯಲಾಗಿ ಉಳಿಯುತ್ತಿದ್ದವು. ಇದಲ್ಲದೆ ಊರಿಗೊಂದು, ನಾಡಿಗೊಂದು ‘ಮಂದ್’ ಎಂಬ ಸಮುದಾಯದ ಬಯಲು ಇರುತ್ತದೆ. ಪುತ್ತರಿಯ ಕೋಲಾಟ ನಡೆಯುವುದು, ಊರಿನವರು ಕಲೆಯುವುದು ಇಲ್ಲಿಯೇ. ಹೀಗಾಗಿ ಒಂದೂಕಾಲು ಎಕರೆಯ ಬಯಲು ಕೊಡಗಿನ ಬದುಕಿನಲ್ಲಿ ಅಪರೂಪದ ವಸ್ತುವಾಗಿರಲಿಲ್ಲ. ನೆಲವೊಂದೇ ಆಟವನ್ನು ಹುಟ್ಟಿಸಲಾರದು. ಆದರೆ ನೆಲವಿಲ್ಲದೆ ಆಟ ನಿಲ್ಲಲಾರದು ಎಂಬುದನ್ನು ಈ ಹೋಲಿಕೆ ಸ್ಪಷ್ಟಪಡಿಸುತ್ತದೆ.

ಏಷ್ಯನ್ ಕ್ರೀಡಾಕೂಟದಲ್ಲಿ ಹಾಕಿ

ಕೊಡಗಿನ ಗದ್ದೆಯಿಂದ ಅಂತರರಾಷ್ಟ್ರೀಯ ಅಂಕಣಕ್ಕೆ ಹೋದ ದಾರಿಯನ್ನು ಗುರುತಿಸುವ ಮೊದಲು ಆ ಅಂಕಣದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಭಾರತಕ್ಕೆ ಹಾಕಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಬ್ರಿಟಿಷ್ ಸೈನ್ಯದ ಮೂಲಕ. ಕಲ್ಕತ್ತೆಯ ಬೇಟನ್ ಕಪ್ ಪಂದ್ಯಾವಳಿ 1895ರಲ್ಲಿಯೇ ಆರಂಭವಾಯಿತು. ಭಾರತೀಯ ಹಾಕಿ ಒಕ್ಕೂಟ 1925ರಲ್ಲಿ ಸ್ಥಾಪನೆಗೊಂಡು, ಮೂರೇ ವರ್ಷಗಳಲ್ಲಿ, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತ ಚಿನ್ನದ ಪದಕ ಪಡೆಯಿತು. 1928ರಿಂದ 1956ರವರೆಗೆ ನಡೆದ ಆರು ಒಲಿಂಪಿಕ್ಸ್‌ಗಳಲ್ಲಿಯೂ ಚಿನ್ನ ಭಾರತದ್ದೇ ಆಗಿತ್ತು.

ಏಷ್ಯನ್ ಕ್ರೀಡಾಕೂಟ 1951ರಲ್ಲಿ ದೆಹಲಿಯಲ್ಲಿ ಆರಂಭವಾದಾಗ ಅದರಲ್ಲಿ ಹಾಕಿ ಇರಲಿಲ್ಲ. 1958ರ ಟೋಕಿಯೊ ಕೂಟದಲ್ಲಿ ಅದು ಮೊದಲ ಬಾರಿಗೆ ಸೇರ್ಪಡೆಯಾಯಿತು. ಅಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವಿನ ಪಂದ್ಯ ಗೋಲಿಲ್ಲದೆ ಸಮವಾಯಿತು. ಗೋಲುಗಳ ಸರಾಸರಿಯ ಆಧಾರದ ಮೇಲೆ ಚಿನ್ನ ಪಾಕಿಸ್ತಾನಕ್ಕೆ ಹೋಯಿತು. ಒಲಿಂಪಿಕ್ಸ್‌ನಲ್ಲಿ ಸೋಲರಿಯದಿದ್ದ ತಂಡ ಏಷ್ಯಾದಲ್ಲಿ ಎರಡನೆಯದಾಯಿತು. 1958ರಿಂದ 1982ರವರೆಗಿನ ಏಳು ಕೂಟಗಳಲ್ಲಿ ಮೊದಲೆರಡು ಸ್ಥಾನಗಳು ಈ ಎರಡು ದೇಶಗಳಿಗೇ ಮೀಸಲಾಗಿದ್ದವು. ಅವುಗಳಲ್ಲಿ ಭಾರತ ಚಿನ್ನ ಗೆದ್ದದ್ದು 1966ರ ಬ್ಯಾಂಕಾಕ್ ಕೂಟದಲ್ಲಿ ಮಾತ್ರ. 1982ರಲ್ಲಿ ದೆಹಲಿಯಲ್ಲಿಯೇ ನಡೆದ ಅಂತಿಮ ಪಂದ್ಯದಲ್ಲಿ ಭಾರತ 1–7ರಿಂದ ಸೋತದ್ದು ದೇಶದ ನೆನಪಿನಲ್ಲಿ ದೀರ್ಘಕಾಲ ಉಳಿದ ಪ್ರಸಂಗ. 1986ರಿಂದ ದಕ್ಷಿಣ ಕೊರಿಯಾ ಪ್ರಬಲ ಶಕ್ತಿಯಾಗಿ ಬಂದಿತು.

1998ರ ಬ್ಯಾಂಕಾಕ್ ಕೂಟದಲ್ಲಿ 32 ವರ್ಷಗಳ ನಂತರ ಭಾರತಕ್ಕೆ ಎರಡನೆಯ ಚಿನ್ನ ದೊರೆಯಿತು. 2006ರ ದೋಹಾ ಕೂಟದಲ್ಲಿ ಮೊದಲ ಬಾರಿಗೆ ಪದಕವೇ ಇಲ್ಲದೆ ತಂಡ ಹಿಂದಿರುಗಿತು. 2014ರ ಇಂಚಿಯಾನ್‌ನಲ್ಲಿ ಮೂರನೆಯ ಚಿನ್ನ, 2023ರಲ್ಲಿ ನಡೆದ 2022ರ ಹಾಂಗ್‌ಝೌ ಕೂಟದಲ್ಲಿ ನಾಲ್ಕನೆಯ ಚಿನ್ನ ಬಂದವು. ಹಾಂಗ್‌ಝೌ ಕೂಟದವರೆಗೆ ಪುರುಷರ ಹಾಕಿಯಲ್ಲಿ ಭಾರತ ಪಡೆದದ್ದು ನಾಲ್ಕು ಚಿನ್ನ, ಒಂಬತ್ತು ಬೆಳ್ಳಿ, ಮೂರು ಕಂಚು. ಈ ಕೂಟದ ಚಿನ್ನವು ಒಲಿಂಪಿಕ್ಸ್‌ಗೆ ನೇರ ಪ್ರವೇಶವನ್ನು ದೊರಕಿಸಿಕೊಡುವುದರಿಂದ ಅದರ ಬೆಲೆ ಪದಕದ ಬೆಲೆಗಿಂತ ಹೆಚ್ಚು. 2014ರ ಗೆಲುವು 2016ರ ರಿಯೊಗೆ, 2022ರ ಕೂಟದ ಗೆಲುವು 2024ರ ಪ್ಯಾರಿಸ್‌ಗೆ ದಾರಿಯಾಯಿತು.

ಹೆಸರಿನ ಮೊದಲಕ್ಷರಗಳು ಹೇಳುವ ಕಥೆ

ಈ ಚರಿತ್ರೆಯೊಳಗೆ ಕರ್ನಾಟಕದ ಆಟಗಾರರು ಎರಡು ನೆಲೆಗಳಿಂದ ಬಂದಿದ್ದಾರೆ. ಮೊದಲನೆಯದು ಬೆಂಗಳೂರು. ದಂಡು ಪ್ರದೇಶದ ಸೈನ್ಯ, ಮಿಷನರಿ ಶಾಲೆಗಳು ಹಾಗೂ ನಂತರ ಬಂದ ಸಾರ್ವಜನಿಕ ಉದ್ದಿಮೆಗಳ ತಂಡಗಳು ಇಲ್ಲಿ ಆಟವನ್ನು ಪೋಷಿಸಿದವು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿ ಮೈಸೂರು ಸಂಸ್ಥಾನದ ಕಡೆಯ ಸಿ. ದೇಶಮುತ್ತು ಮತ್ತು ಎಂ. ರಾಜಗೋಪಾಲ್ ಇದ್ದರು. 1994ರ ಹಿರೋಷಿಮಾ ಏಷ್ಯನ್ ಕೂಟದ ಬೆಳ್ಳಿ ತಂಡದಲ್ಲಿ ಬೆಂಗಳೂರಿನ ಜೂಡ್ ಫೆಲಿಕ್ಸ್ ಇದ್ದರು. 1998ರ ಬ್ಯಾಂಕಾಕ್ ಅಂತಿಮ ಪಂದ್ಯ ದಕ್ಷಿಣ ಕೊರಿಯಾದೊಡನೆ 1–1ರಿಂದ ಸಮವಾಗಿ, ಪೆನಾಲ್ಟಿ ಹೊಡೆತಗಳಿಂದ ತೀರ್ಮಾನವಾದಾಗ ಗೋಲಿನ ಬಾಯಲ್ಲಿ ನಿಂತು ಹೊಡೆತಗಳನ್ನು ತಡೆದವರು ಬೆಂಗಳೂರಿನ ಆಶಿಷ್ ಬಲ್ಲಾಳ್. 32 ವರ್ಷಗಳ ಕಾಯುವಿಕೆಯನ್ನು ಕೊನೆಗೊಳಿಸಿದ ಗೆಲುವಿನಲ್ಲಿ ಅವರ ಪಾಲು ದೊಡ್ಡದು.

ಎರಡನೆಯ ನೆಲೆ ಕೊಡಗು. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರುವವರೆಗೆ ಪ್ರತ್ಯೇಕ ಆಡಳಿತವಿದ್ದ ಪುಟ್ಟ ನಾಡು. ಇಷ್ಟು ಚಿಕ್ಕ ನಾಡು ದೇಶದ ತಂಡಕ್ಕೆ ಕೊಟ್ಟ ಆಟಗಾರರ ಸಾಲು ದೊಡ್ಡದು. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಪಡೆದ ತಂಡದ ನಾಯಕರಾಗಿದ್ದರು. ಬಿ.ಪಿ. ಗೋವಿಂದ ಮ್ಯೂನಿಕ್ ಮತ್ತು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗಳಲ್ಲಿ, 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದರು. 1970ರ ದಶಕದ ಏಷ್ಯನ್ ಕೂಟಗಳಲ್ಲಿ ಬಂದ ಬೆಳ್ಳಿ ಪದಕಗಳಲ್ಲಿ ಇವರಿಬ್ಬರ ಪಾಲೂ ಇದೆ. ಎಂ.ಎಂ. ಸೋಮಯ್ಯ 1980ರ ಮಾಸ್ಕೊ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದರು. 1992ರ ಬಾರ್ಸಿಲೋನಾದಲ್ಲಿ ಗೋಲುರಕ್ಷಕ ಎ.ಬಿ. ಸುಬ್ಬಯ್ಯ, 2004ರ ಅಥೆನ್ಸ್‌ನಲ್ಲಿ ಅರ್ಜುನ್ ಹಾಲಪ್ಪ ಆಡಿದರು. 2014ರ ಇಂಚಿಯಾನ್ ಏಷ್ಯನ್ ಕೂಟದಲ್ಲಿ ಪಾಕಿಸ್ತಾನದ ವಿರುದ್ಧದ ಅಂತಿಮ ಪಂದ್ಯ 1–1ರಿಂದ ಸಮವಾಗಿ, ಶೂಟೌಟ್‌ನಲ್ಲಿ 4–2ರಿಂದ ಭಾರತ ಗೆದ್ದಾಗ ಆ 16 ಜನರ ತಂಡದಲ್ಲಿ ಕೊಡಗಿನ ಮೂವರು ಇದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಮತ್ತು ನಿಕ್ಕಿನ್ ತಿಮ್ಮಯ್ಯ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಎಸ್.ಕೆ. ಉತ್ತಪ್ಪ ಸೇರಿ ಈ ಸಂಖ್ಯೆ ನಾಲ್ಕಾಯಿತು.

ಜಾನಪದ ವಿದ್ವಾಂಸನಿಗೆ ಈ ಪಟ್ಟಿಯಲ್ಲಿ ಪದಕಗಳಷ್ಟೇ ಮುಖ್ಯವಾದದ್ದು ಹೆಸರುಗಳ ಮುಂದಿನ ಅಕ್ಷರಗಳು. ಸೋಮಯ್ಯನವರ ಮೊದಲ ‘ಎಂ’ ಎಂದರೆ ಮನೆಯಪಂಡ. ಗಣೇಶರ ‘ಎಂ’ ಎಂದರೆ ಮೊಳ್ಳೇರ. ಸುಬ್ಬಯ್ಯನವರ ‘ಎ’ ಎಂದರೆ ಅಂಜಪರವಂಡ. ಉತ್ತಪ್ಪನವರ ‘ಎಸ್’ ಎಂದರೆ ಸಣ್ಣುವಂಡ. ನಿಕ್ಕಿನ್ ತಿಮ್ಮಯ್ಯನವರು ಚಂದಂಡ ಮನೆತನದವರು. ಇವು ಕೊಡವ ಒಕ್ಕಗಳ ಹೆಸರುಗಳು. ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ತಂದೆಯ ಕಡೆಯಿಂದ ಬೆಳೆದುಬಂದ ಮನೆತನ. ಅದಕ್ಕೊಂದು ಐನ್‌ಮನೆ, ಹಿರಿಯನಾದ ಒಬ್ಬ ಪಟ್ಟೆದಾರ. ಅಂತರರಾಷ್ಟ್ರೀಯ ಪಂದ್ಯದ ಅಂಕಪಟ್ಟಿಯಲ್ಲಿ ಒಂದೇ ಅಕ್ಷರವಾಗಿ ಅಡಗಿರುವ ಈ ಹೆಸರು ಕೊಡಗಿನ ಬಯಲಿನಲ್ಲಿ ತಂಡದ ಪೂರ್ಣ ಹೆಸರಾಗಿ ಕಾಣಿಸಿಕೊಳ್ಳುತ್ತದೆ.

ಇದೇ ಪಟ್ಟಿಯಲ್ಲಿ ಇನ್ನೊಂದು ಬಗೆಯ ಅಕ್ಷರಗಳೂ ಇವೆ. ಸುನಿಲರ ‘ಎಸ್’ ಸೋಮವಾರಪೇಟೆ ಎಂಬ ಊರಿನದು, ‘ವಿ’ ತಂದೆ ವಿಠಲಾಚಾರ್ಯರದು. ಅವರ ತಂದೆಯ ಕಸುಬು ಮರಗೆಲಸ. ರಘುನಾಥರ ಮೊದಲಕ್ಷರಗಳೂ ಕೊಡವ ಒಕ್ಕದವಲ್ಲ. ಸೋಮವಾರಪೇಟೆ ಸೀಮೆಯಿಂದಲೇ ಬಂದ ಅರ್ಜುನ್ ಹಾಲಪ್ಪನವರನ್ನೂ ಇಲ್ಲಿ ನೆನೆಯಬಹುದು. ಒಕ್ಕದ ಆಟವಾಗಿ ಬೆಳೆದದ್ದು ನೆರೆಹೊರೆಯ ಸಮುದಾಯಗಳ ಆಟವೂ ಆಗಿದೆ ಎಂಬುದಕ್ಕೆ ಈ ಅಕ್ಷರಗಳೇ ಸಾಕ್ಷಿ. ಜನಪದ ವಸ್ತುವೊಂದು ಒಂದು ಗುಂಪಿನಿಂದ ಇನ್ನೊಂದಕ್ಕೆ ಹರಿಯುವ ರೀತಿ ಹಾಡು, ಕಥೆಗಳಲ್ಲಿ ಹೇಗೋ ಆಟದಲ್ಲಿಯೂ ಹಾಗೆಯೇ ಇದೆ.

ಒಕ್ಕ ಮತ್ತು ಹಬ್ಬ

ಕೊಡಗಿಗೆ ಹಾಕಿ ಬಂದದ್ದು ಶಾಲೆ ಮತ್ತು ಸೈನ್ಯವೆಂಬ ಎರಡು ದಾರಿಗಳಲ್ಲಿ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯನವರ ನಾಡಿನಲ್ಲಿ ಸೈನ್ಯ ಸೇರುವುದು ಮನೆಮನೆಯ ಸಂಗತಿ. ರಜೆಯಲ್ಲಿ ಊರಿಗೆ ಬಂದ ಸೈನಿಕ ದಂಡಿನ ಆಟವನ್ನೂ ಜೊತೆಗೆ ತಂದ. ಕೊಡವರಲ್ಲಿ ಕೋಲಿನ ಆಟಗಳ ಹಳೆಯ ಪರಂಪರೆಯೂ ಇದೆ. ಪುತ್ತರಿ ಕೋಲಾಟದಲ್ಲಿ ಬೆತ್ತದ ಕೋಲುಗಳನ್ನು ಹಿಡಿದು ಸುತ್ತುತ್ತಾರೆ. ಪರೆಯಕಳಿಯಲ್ಲಿ ಇಬ್ಬರು ಎದುರುಬದುರು ನಿಂತು, ಗುರಾಣಿಯಿಂದ ರಕ್ಷಿಸಿಕೊಳ್ಳುತ್ತ, ಬೆತ್ತದಿಂದ ಎದುರಾಳಿಯ ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ಇವುಗಳಿಂದಲೇ ಹಾಕಿ ಸಾಮರ್ಥ್ಯ ಬಂದಿತೆಂದು ಹೇಳುವುದು ಆತುರದ ತೀರ್ಮಾನವಾಗುತ್ತದೆ. ಕೋಲಾಟ ಕನ್ನಡನಾಡಿನ ಎಲ್ಲ ಕಡೆ ಇದೆ. ತಿಪಟೂರು ಸೀಮೆಯಲ್ಲಿಯೂ ಇದೆ. ವ್ಯತ್ಯಾಸ ಇರುವುದು ಆಟವನ್ನು ಹೊತ್ತು ನಡೆಸುವ ಘಟಕದಲ್ಲಿ.

ತೆಂಗಿನ ಸೀಮೆಯಲ್ಲಿ ಆಟದ ಘಟಕ ಊರು ಅಥವಾ ಯುವಕ ಸಂಘ. ಸಂಘದ ಹುರುಪು ಅದರ ಸದಸ್ಯರ ವಯಸ್ಸಿನೊಡನೆ ಏರುತ್ತದೆ, ಇಳಿಯುತ್ತದೆ. ಉದ್ಯೋಗಕ್ಕಾಗಿ ತುಮಕೂರಿಗೋ ಬೆಂಗಳೂರಿಗೋ ಹೋದ ಹುಡುಗರೊಡನೆ ತಂಡವೂ ಊರು ಬಿಡುತ್ತದೆ. ಕೊಡಗಿನಲ್ಲಿ ಘಟಕ ಒಕ್ಕ. ಒಕ್ಕಕ್ಕೆ ವಯಸ್ಸಿಲ್ಲ. ದೂರದ ಊರಿನಲ್ಲಿ ನೆಲೆಸಿದವರೂ ಒಕ್ಕದವರೇ.

ಈ ಘಟಕವನ್ನು ಆಟದ ಮೂಲಕ ಮತ್ತೆ ಕೂಡಿಸಿದ ಘಟನೆ 1997ರಲ್ಲಿ ನಡೆಯಿತು. ಪಾಂಡಂಡ ಕುಟ್ಟಪ್ಪನವರ ಕಲ್ಪನೆಯಂತೆ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವ ಆರಂಭವಾಯಿತು. ಆ ವರ್ಷ ಭಾಗವಹಿಸಿದ್ದು 60 ಕುಟುಂಬಗಳು. ಮುಂದೆ ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸಿಕೊಂಡಿತು; ಆ ವರ್ಷದ ಕಪ್ಪಿಗೆ ಆ ಕುಟುಂಬದ್ದೇ ಹೆಸರು. ಗದ್ದೆಗಳು ಒಣಗಿರುವ, ಮಕ್ಕಳಿಗೆ ರಜೆಯಿರುವ ಬೇಸಿಗೆಯೇ ಅದರ ಕಾಲ. ಒಂದೇ ತಂಡದಲ್ಲಿ ಅಜ್ಜ, ಮಗ, ಮೊಮ್ಮಗ ಆಡಬಹುದು; ಹೆಣ್ಣುಮಕ್ಕಳೂ ಆಡಬಹುದು. ಸಾಂಪ್ರದಾಯಿಕ ಉಡುಪು, ವಾಲಗ, ಗಾಳಿಯಲ್ಲಿ ಗುಂಡು ಹಾರಿಸುವುದು ಮುಂತಾದ ಹಬ್ಬದ ಲಕ್ಷಣಗಳೆಲ್ಲ ಇಲ್ಲಿವೆ. 2018ರ ಆಗಸ್ಟ್‌ನ ಮಳೆ ಮತ್ತು ಭೂಕುಸಿತ, ಅದರ ಬೆನ್ನಿಗೇ ಬಂದ ಕೊರೊನಾ ಕಾರಣಗಳಿಂದ ಉತ್ಸವ ನಾಲ್ಕು ವರ್ಷ ನಿಂತು, 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಆರಂಭವಾಯಿತು. 2024ರಲ್ಲಿ ಅಲ್ಲಿಯೇ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಭಾಗವಹಿಸಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ನಲ್ಲಿ ಈ ಸಂಖ್ಯೆ 396ಕ್ಕೆ ಏರಿತು.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಕೊಡವರ ಹಾಡು, ಗಾದೆ, ಆಚರಣೆಗಳ ಮೊದಲ ದೊಡ್ಡ ಸಂಗ್ರಹ. ಅದರ ನಂತರದ ಶತಮಾನದಲ್ಲಿ ಕೊಡವ ಜನಪದಕ್ಕೆ ಸೇರಿಕೊಂಡ ಅತ್ಯಂತ ದೊಡ್ಡ ಆಚರಣೆ ಯಾವುದೆಂದು ಕೇಳಿದರೆ ಈ ಉತ್ಸವದ ಹೆಸರನ್ನೇ ಹೇಳಬೇಕಾಗುತ್ತದೆ. ಹೊತ್ತು ನಡೆಸುವ ಸಮುದಾಯವಿದೆ, ನಿಶ್ಚಿತ ಋತುವಿದೆ, ಸರದಿಯ ಆತಿಥ್ಯವಿದೆ, ಹಿರಿಯರಿಂದ ಕಿರಿಯರಿಗೆ ಸಾಗುವ ಕಲಿಕೆಯಿದೆ. ಜನಪದ ಆಚರಣೆಯ ಲಕ್ಷಣಗಳೆಂದು ಅಧ್ಯಯನಕಾರರು ಗುರುತಿಸುವ ಎಲ್ಲವೂ ಇಲ್ಲಿವೆ. ನಿಯಮಗಳು ಹೊರಗಿನವು ಎಂಬ ಒಂದೇ ಕಾರಣಕ್ಕೆ ಇದನ್ನು ಜನಪದದ ಹೊರಗಿಡುವುದು ಸಾಧುವಲ್ಲ. ಊರಿನ ಬಾಯಿಗೆ ಬಂದ ಪರಭಾಷೆಯ ಪದವನ್ನು ಕನ್ನಡವೆಂದೇ ಒಪ್ಪುವವರು ಊರಿನ ಬಯಲಿಗೆ ಬಂದ ಪರನಾಡಿನ ಆಟವನ್ನು ಒಪ್ಪದಿರುವುದಕ್ಕೆ ಆಧಾರವಿಲ್ಲ.

ಹರಡುವ ಬುಡ, ಖಾಲಿಯಾದ ತುದಿ

ಇಲ್ಲಿ ಒಂದು ವಿರೋಧಾಭಾಸ ಎದುರಾಗುತ್ತದೆ. ಉತ್ಸವದಲ್ಲಿ ಭಾಗವಹಿಸುವ ಕುಟುಂಬಗಳ ಸಂಖ್ಯೆ 60ರಿಂದ 396ಕ್ಕೆ ಏರಿದ ಅವಧಿಯ ಕೊನೆಯ ಭಾಗದಲ್ಲಿ ದೇಶದ ಪುರುಷರ ತಂಡದಿಂದ ಕೊಡಗಿನ ಹೆಸರುಗಳು ಮರೆಯಾದವು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನ, 2024ರ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಬಂದಾಗ ಆ ಮೂರೂ ತಂಡಗಳಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. 2016ರಲ್ಲಿ ನಾಲ್ವರಿದ್ದಲ್ಲಿ ಐದು ವರ್ಷಗಳಲ್ಲಿ ಯಾರೂ ಇಲ್ಲದಂತಾಯಿತು. ಜನಪದ ನೆಲೆ ಅಗಲವಾದಷ್ಟೂ ಪದಕದ ತುದಿ ಎತ್ತರವಾಗುತ್ತದೆಂಬ ಸರಳ ನಂಬಿಕೆಯನ್ನು ಈ ಸಂಗತಿ ಪ್ರಶ್ನಿಸುತ್ತದೆ.

ಇದರ ಬೇರು 1976ರಷ್ಟು ಹಿಂದಿನದು. ಆ ವರ್ಷದ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಭಾರತ ಏಳನೆಯ ಸ್ಥಾನಕ್ಕಿಳಿದು, ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕವಿಲ್ಲದೆ ಮರಳಿತು. ಆ ಹಾಸಿನ ಮೇಲೆ ಚೆಂಡಿನ ವೇಗ ಬೇರೆ, ಪುಟಿತ ಬೇರೆ, ಆಟಗಾರನ ಉಸಿರಿನ ಲೆಕ್ಕವೂ ಬೇರೆ. ಅಂದಿನಿಂದ ಊರ ಬಯಲಿನ ಹಾಕಿ ಮತ್ತು ಪದಕದ ಹಾಕಿ ಎರಡು ಬೇರೆಬೇರೆ ನೆಲಗಳ ಮೇಲಿನ ಆಟಗಳಾದವು. ಅದಕ್ಕೆ ಮೊದಲು ಗದ್ದೆಯ ಹುಡುಗ ಬಳಸುತ್ತಿದ್ದ ನೆಲಕ್ಕೂ ಏಷ್ಯನ್ ಕೂಟದ ನೆಲಕ್ಕೂ ಗುಣದಲ್ಲಿ ಅಷ್ಟು ಅಂತರವಿರಲಿಲ್ಲ.

ಉತ್ಸವದ ಸ್ವರೂಪವನ್ನೂ ಇಲ್ಲಿ ಗಮನಿಸಬೇಕು. ಸೋತವರು ಹೊರಗುಳಿಯುವ ಕ್ರಮದಲ್ಲಿ 396 ತಂಡಗಳಿಂದ ಒಂದು ತಂಡ ಉಳಿಯಲು 395 ಪಂದ್ಯಗಳು ಬೇಕು. ಪಂದ್ಯಗಳ ಸಂಖ್ಯೆ ದೊಡ್ಡದಾಗಿ ಕಂಡರೂ ಬಹುಪಾಲು ಕುಟುಂಬಗಳಿಗೆ ವರ್ಷದಲ್ಲಿ ದೊರೆಯುವುದು ಒಂದೆರಡು ಪಂದ್ಯಗಳಷ್ಟೇ. ಉತ್ಸವದ ಉದ್ದೇಶವೂ ಆಟಗಾರರನ್ನು ಪಳಗಿಸುವುದಲ್ಲ, ಒಕ್ಕವನ್ನು ಕೂಡಿಸುವುದು. ಅದು ಮಗುವಿನ ಕೈಗೆ ಮೊದಲ ಕೋಲನ್ನು ಕೊಡುತ್ತದೆ. ಆ ಕೈಯನ್ನು ದೇಶದ ತಂಡದವರೆಗೆ ಕೊಂಡೊಯ್ಯಲು ಪ್ರತಿದಿನದ ಹಾಸು, ತರಬೇತಿ, ಪಂದ್ಯಗಳ ಸರಣಿ ಬೇಕು. ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯಗಳು ಈ ಕೆಲಸವನ್ನು ಮಾಡುತ್ತ ಬಂದಿವೆ. ಆದರೆ ಬುಡ ಬೆಳೆದ ವೇಗದಲ್ಲಿ ಮೇಲಿನ ಮೆಟ್ಟಿಲುಗಳು ಬೆಳೆಯಲಿಲ್ಲವೆಂಬುದನ್ನು ಮೂರು ತಂಡಗಳ ಪಟ್ಟಿಯೇ ಹೇಳುತ್ತದೆ.

ಒಡಿಶಾದ ಸುಂದರಗಢ ಜಿಲ್ಲೆಯ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಅಲ್ಲಿಯೂ, ಪಕ್ಕದ ಜಾರ್ಖಂಡ್‌ನ ಸಿಮ್‌ಡೇಗಾದಲ್ಲಿಯೂ ಆದಿವಾಸಿ ಹಳ್ಳಿಗಳು ಹಾಕಿಯನ್ನು ತಮ್ಮದಾಗಿಸಿಕೊಂಡಿವೆ. ಊರೂರಿನ ಪಂದ್ಯಾವಳಿಗಳಲ್ಲಿ ಗೆದ್ದವರಿಗೆ ಹೋತವನ್ನು ಬಹುಮಾನವಾಗಿ ಕೊಡುವ ಪದ್ಧತಿಯಿದೆ. ನಮ್ಮ ಹಳ್ಳಿಗಳ ಕಬಡ್ಡಿ ಪಂದ್ಯಾವಳಿಗಳಲ್ಲಿ ಟಗರನ್ನು ಬಹುಮಾನವಾಗಿಡುವ ವಾಡಿಕೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. 1998ರ ಬ್ಯಾಂಕಾಕ್ ಚಿನ್ನದ ತಂಡದಲ್ಲಿದ್ದ ದಿಲೀಪ್ ತಿರ್ಕಿ, ಹಾಂಗ್‌ಝೌ ಚಿನ್ನದ ತಂಡದಲ್ಲಿದ್ದ ಅಮಿತ್ ರೋಹಿದಾಸ್ ಇಬ್ಬರೂ ಸುಂದರಗಢದ ಸೌನಾಮಾರಾ ಎಂಬ ಒಂದೇ ಹಳ್ಳಿಯವರು. ಕಾಲು ಶತಮಾನದ ಅಂತರದಲ್ಲಿ ಒಂದೇ ಹಳ್ಳಿ ಎರಡು ಏಷ್ಯನ್ ಚಿನ್ನಗಳಿಗೆ ಕೈಜೋಡಿಸಿತು. ಅಲ್ಲಿ ಹಳ್ಳಿಯ ಬುಡದ ಮೇಲೆ ವಸತಿ ನಿಲಯ, ಕೃತಕ ಹಾಸು, ಸರ್ಕಾರದ ನಿರಂತರ ಬೆಂಬಲ ಎಂಬ ಮೆಟ್ಟಿಲುಗಳು ಬಂದವು. 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವವನ್ನು ಒಡಿಶಾ ಸರ್ಕಾರವೇ ವಹಿಸಿಕೊಂಡಿತು. 2023ರಲ್ಲಿ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ಆರಂಭವಾಯಿತು. ಇನ್ನೊಂದೆಡೆ, ಹದಿನಾಲ್ಕು ಒಲಿಂಪಿಕ್ ಆಟಗಾರರನ್ನು ಕೊಟ್ಟ ಪಂಜಾಬಿನ ಸನ್ಸಾರ್‌ಪುರ, ಹಳ್ಳಿಯ ಹುಲ್ಲುನೆಲದ ಹಿರಿಮೆ ಹಾಸಿನ ಕಾಲದಲ್ಲಿ ತಾನಾಗಿ ಮುಂದುವರಿಯುವುದಿಲ್ಲವೆಂಬುದಕ್ಕೆ ನಿದರ್ಶನವಾಗಿ ನಿಂತಿದೆ.

ತೆಂಗಿನ ಸೀಮೆಗೆ ಇರುವ ಪಾಠ

ಹಾಕಿ ಬೇರೂರದ ತಿಪಟೂರು ಸೀಮೆಗೆ ಈ ಚರಿತ್ರೆ ಹೇಳುವುದೇನು? ಮೊದಲನೆಯದಾಗಿ, ಪ್ರತಿ ಸೀಮೆಗೂ ತನ್ನ ನೆಲ ಮತ್ತು ತನ್ನ ಸಮುದಾಯದ ರಚನೆ ಒಪ್ಪಿಕೊಂಡ ಆಟಗಳಿರುತ್ತವೆ. ಕಬಡ್ಡಿ 1990ರ ಬೀಜಿಂಗ್ ಕೂಟದಿಂದ ಏಷ್ಯನ್ ಕ್ರೀಡಾಕೂಟದಲ್ಲಿದೆ. ಕೊಡಗಿನ ಗದ್ದೆಗೆ ಹಾಕಿ ಹೇಗೋ ತೆಂಗಿನ ಸೀಮೆಯ ಗುಡಿಯ ಮುಂದಿನ ಬಯಲಿಗೆ ಕಬಡ್ಡಿ ಹಾಗೆ. ಅದೂ ಈಗ ಮಣ್ಣಿನಿಂದ ಮ್ಯಾಟಿಗೆ ಏರಿರುವ ಆಟ. ಹಾಕಿಯಲ್ಲಿ ಗದ್ದೆಗೂ ಹಾಸಿಗೂ ನಡುವೆ ಬಿದ್ದ ಅಂತರ ಇಲ್ಲಿಯೂ ಬೀಳಬಹುದೆಂಬ ಎಚ್ಚರ ಅಗತ್ಯ.

ಎರಡನೆಯದಾಗಿ, ಬಯಲು ಜಾನಪದ ಅಧ್ಯಯನದ ವಸ್ತುವಾಗಬೇಕು. ಹಾಡನ್ನು ದಾಖಲಿಸುವ ಸಂಶೋಧಕನು ಅದನ್ನು ಹಾಡಿದ ಜಾಗವನ್ನು, ಆಟವನ್ನು ದಾಖಲಿಸುವವನು ಅದನ್ನು ಆಡಿದ ನೆಲದ ಅಳತೆಯನ್ನು ಬರೆದಿಡುವುದು ವಿರಳ. ಬೆಂಗಳೂರಿನ ಹಾಕಿ ಕ್ರೀಡಾಂಗಣ ಇರುವುದು ಅಕ್ಕಿತಿಮ್ಮನಹಳ್ಳಿ ಕೆರೆಯಿದ್ದ ಜಾಗದಲ್ಲಿ. ಹಳ್ಳಿಯ ಹುಡುಗರು ಬತ್ತಿದ ಕೆರೆಯಂಗಳದಲ್ಲಿ ಆಡಿ ಮಳೆಗಾಲಕ್ಕೆ ಅದನ್ನು ಮತ್ತೆ ನೀರಿಗೆ ಬಿಟ್ಟುಕೊಡುತ್ತಾರೆ. ನಗರದಲ್ಲಿ ಕೆರೆ ಶಾಶ್ವತವಾಗಿ ಅಂಕಣವಾಯಿತು. ಕೊಡಗಿನಲ್ಲಿ ಭತ್ತದ ಬೇಸಾಯ ಕುಗ್ಗುತ್ತಿರುವುದು, ತೆಂಗಿನ ಸೀಮೆಯಲ್ಲಿ ಹೊಲಗಳು ತೋಟಗಳಾಗಿರುವುದು ಕೃಷಿಯ ಚರಿತ್ರೆಯಷ್ಟೇ ಆಟದ ಚರಿತ್ರೆಯೂ ಹೌದು.

ಮೂರನೆಯದಾಗಿ, ಪದಕವನ್ನೂ ಹಬ್ಬವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ದೇಶದ ತಂಡದಲ್ಲಿ ಕೊಡಗಿನ ಹೆಸರಿಲ್ಲದ ವರ್ಷಗಳಲ್ಲಿ ಉತ್ಸವದ ಬೆಲೆ ಕಡಿಮೆಯಾಗಲಿಲ್ಲ. 396 ಐನ್‌ಮನೆಗಳ ಹೆಸರುಗಳು ಒಂದೇ ಬಯಲಿನಲ್ಲಿ ಕೂಗಿ ಕರೆಸಿಕೊಂಡದ್ದು ತನ್ನಷ್ಟಕ್ಕೇ ಒಂದು ಸಾಧನೆ. ಆದರೆ ಆ ಹೆಸರುಗಳು ಮತ್ತೆ ಮೊದಲಕ್ಷರಗಳಾಗಿ ಏಷ್ಯಾದ ಅಂಕಪಟ್ಟಿಗೆ ಏರಬೇಕಾದರೆ ಹಬ್ಬದ ಬಯಲಿಗೂ ಹಾಸಿನ ಅಂಕಣಕ್ಕೂ ನಡುವೆ ಮೆಟ್ಟಿಲುಗಳನ್ನು ಕಟ್ಟುವುದು ರಾಜ್ಯದ ಹೊಣೆ. ಸಮುದಾಯ ತನ್ನ ಪಾಲಿನ ಒಂದು ಎಕರೆ ಹತ್ತು ಗುಂಟೆಯನ್ನು ಆಗಲೇ ಕೊಟ್ಟಾಗಿದೆ.